ಮಾರ್ಗ ದಾಟಿಸುವ ಪೂವಕ್ಕ

ಪೂವಕ್ಕ ಕೊಡೆ ಎತ್ತಿದರೆ ಮಡಿಕೇರಿಗೆ ಹೋಗುವ ಬಸ್ಸೂ ನಿಲ್ಲುತ್ತದೆ ಎಂದು ನಮ್ಮ ಊರಿನಲ್ಲಿ ಹೇಳುತ್ತಿದ್ದರು. ಬರೀ ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ನಿಲ್ಲುತ್ತಿತ್ತು. ಗಂಡಸರು ಹಿಡಿಯುವ ದೊಡ್ಡ ಕಪ್ಪು ಕೊಡೆ ಅದು. ತೀರಿಹೋದ ಗಂಡನದ್ದಂತೆ. ಮಳೆಯಿರಲಿ ಬಿಸಿಲಿರಲಿ, ಪೂವಕ್ಕ ಅದನ್ನು ಬಿಡಿಸಿದ್ದನ್ನು ನಾನು ಹೆಚ್ಚು ಕಂಡಿಲ್ಲ. ಮಡಚಿದ ಕೊಡೆಯನ್ನು ಆಕಾಶಕ್ಕೆ ಎತ್ತಿ ಹಿಡಿದು, "ಉಂತುಲೆ!" ಎಂದು ತುಳುವಿನಲ್ಲಿ ಒಂದು ಕೂಗು ಹಾಕುತ್ತಿದ್ದರು. ನಿಲ್ಲಿ ಎಂದು ಅರ್ಥ. ಎರಡು ಗದ್ದೆ ಆಚೆ ಉಳುವವನ ಎತ್ತೂ ಆ ಕೂಗಿಗೆ ನಿಂತುಬಿಡುತ್ತದೆ ಎಂದು ನನ್ನ ಅಪ್ಪ ತಮಾಷೆ ಮಾಡುತ್ತಿದ್ದರು.

ಪುತ್ತೂರಿನಿಂದ ಕಬಕಕ್ಕೆ ಹೋಗುವ ದಾರಿಯ ಒಂದು ತಿರುವಿನಲ್ಲಿ ನಮ್ಮ ಮನೆಗಳಿದ್ದವು. ಮನೆಗಳೆಲ್ಲ ಮಾರ್ಗದ ಈಚೆ, ಗುಡ್ಡದ ಬದಿ. ಶಾಲೆ ಆಚೆ. ನಾನು ಒಂದನೇ ಕ್ಲಾಸಿಗೆ ಸೇರಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಅದಕ್ಕೆ ಸ್ವಲ್ಪ ಮೊದಲು ಮಾರ್ಗವನ್ನು ಅಗಲ ಮಾಡಿ ಹೊಸ ಡಾಮರು ಹಾಕಿದ್ದರು. ಡಾಮರು ಬಂದ ಮೇಲೆ ಮಂಗಳೂರಿನ ಬಸ್ಸುಗಳಿಗೆ ರೆಕ್ಕೆ ಬಂದಿತ್ತು. ಸುಳ್ಯದ ಕಡೆಯಿಂದ ಮರದ ದಿಮ್ಮಿ ಹೇರಿಕೊಂಡು ಬರುವ ಲಾರಿಗಳಂತೂ ತಿರುವಿನಲ್ಲಿ ಹಾರ್ನ್ ಹೊಡೆಯುವುದನ್ನೂ ಮರೆಯುತ್ತಿದ್ದವು. ಹಾಗಾಗಿ ನಮ್ಮನ್ನು ಮಾರ್ಗ ದಾಟಿಸುವವರು ಯಾರು ಎಂಬುದು ಅಮ್ಮಂದಿರಿಗೆ ದೊಡ್ಡ ಚಿಂತೆಯಾಗಿತ್ತು. ಆ ಚಿಂತೆಯನ್ನು ಪೂವಕ್ಕ ಯಾರೂ ಕೇಳದೆಯೇ ತೀರಿಸಿದ್ದರು.

ಪೂವಕ್ಕ ಮೇಲಿನ ಮನೆಯವರು. ಎತ್ತರದ ಆಳು. ಕಿವಿಯಲ್ಲಿ ಬೆಂಡೋಲೆ, ಬಾಯಿಯಲ್ಲಿ ಯಾವಾಗಲೂ ಎಲೆಯಡಿಕೆ. ಅವರ ಗಂಡನ ಕಾಲದಲ್ಲಿ ಗದ್ದೆಗಳು ಬಹಳ ಇದ್ದವಂತೆ, ಭೂಮಿಯ ಕಾನೂನು ಬಂದ ಮೇಲೆ ಹೆಚ್ಚಿನವು ಒಕ್ಕಲಿನವರ ಪಾಲಾಗಿದ್ದವು. ಗದ್ದೆ ಹೋದರೂ ಗತ್ತು ಹೋಗಿರಲಿಲ್ಲ. ಬೇಲಿ ಜಗಳಕ್ಕೆ, ದನ ನುಗ್ಗಿದ್ದಕ್ಕೆ, ಅತ್ತೆ ಸೊಸೆಯರ ಮುನಿಸಿಗೆ ಎಲ್ಲರೂ ಅವರ ಚಾವಡಿಗೇ ಬರುತ್ತಿದ್ದರು. ಒಮ್ಮೆ ಅವರ ಬಚ್ಚಲಿಗೆ ನಾಗರಹಾವು ಹೊಕ್ಕಿತು. ಊರವರೆಲ್ಲ ಅಂಗಳದಲ್ಲಿ ನಿಂತು ಕೋಲು ತರುವುದಾ, ಹಾವಾಡಿಗನನ್ನು ಕರೆಯುವುದಾ ಎಂದು ಚರ್ಚೆ ಮಾಡುತ್ತಿದ್ದರೆ, ಪೂವಕ್ಕ ಒಬ್ಬರೇ ಒಳಗೆ ಹೋದರು. "ನೋಡು, ಹಂಡೆಯ ನೀರು ಬಿಸಿ ಉಂಟು. ಮೈ ಮೇಲೆ ಬಿದ್ದರೆ ನಿನಗೇ ಕಷ್ಟ. ಈ ತೂತಲ್ಲಿ ಹೋಗು" ಎಂದು ಅದಕ್ಕೆ ಹೇಳುವುದು ಹೊರಗಿನವರಿಗೆಲ್ಲ ಕೇಳಿಸಿತು. ಹಾವು ಹೋಯಿತು. ಅಂಥ ಹೆಂಗಸು ನಮ್ಮ ಮುಂದೆ ಕೊಡೆ ಹಿಡಿದು ನಡೆಯುತ್ತಿದ್ದರೆ ನಮಗೆ ಇನ್ನೆಂಥ ಭಯ?

ದಾಟಿಸುವುದಕ್ಕೆ ಅವರದ್ದೇ ಒಂದು ಕ್ರಮವಿತ್ತು. ಬೆಳಿಗ್ಗೆ ನಾವೆಲ್ಲ ಮಾರ್ಗದ ಬದಿಯ ಮೋರಿಯ ಕಟ್ಟೆಯ ಹತ್ತಿರ ಸೇರಬೇಕು. ಇಬ್ಬಿಬ್ಬರು ಕೈ ಹಿಡಿದುಕೊಂಡು ಸಾಲಾಗಿ ನಿಲ್ಲಬೇಕು. ಎಲ್ಲರಿಗಿಂತ ಚಿಕ್ಕವರು ಪೂವಕ್ಕನ ಎಡಗೈ ಹಿಡಿಯಬೇಕು. ಬಲಗೈಯಲ್ಲಿ ಕೊಡೆ. ನಂತರ ಪರೀಕ್ಷೆ.

"ಎಂತ ಬರ್ತಾ ಉಂಟು?" ಎಂದು ಅವರು ಕೇಳುತ್ತಿದ್ದರು.

ನಾವು ಕುತ್ತಿಗೆ ಚಾಚಿ ಆಚೆ ಈಚೆ ನೋಡಿ, ಕಿವಿಗೊಟ್ಟು ಕೇಳಿ ಹೇಳಬೇಕು. ಲಾರಿಯ ಶಬ್ದ, ಜೀಪಿನ ಶಬ್ದ, ಏರಿನಲ್ಲಿ ನರಳುವ ಬಸ್ಸಿನ ಶಬ್ದ, ಎಲ್ಲ ನಮಗೆ ಬಾಯಿಪಾಠವಾಗಿತ್ತು. ಒಬ್ಬ "ಇಲ್ಲ" ಎಂದು, ಇನ್ನೊಬ್ಬಳು "ಉಂಟು ಉಂಟು, ದೂರ ಕೇಳ್ತದೆ" ಎಂದರೆ ಯಾರೂ ಹೆಜ್ಜೆ ಎತ್ತುವಂತಿಲ್ಲ. ಆ ದೂರದ್ದು ಬಂದು, ನಮ್ಮ ಮುಖಕ್ಕೆ ಧೂಳು ಹಾಕಿ ಹೋಗುವ ತನಕ ಕಾಯಲೇಬೇಕು. ಎಲ್ಲರೂ ಇಲ್ಲ ಎಂದ ಮೇಲೆ ಕೊನೆಗೆ ಕೈ ಹಿಡಿದ ಪುಟ್ಟದರ ಹತ್ತಿರ ಕೇಳುತ್ತಿದ್ದರು: "ಹೋಗುದಾ?"

ಅದು "ಹೋಗುವ" ಎಂದರೆ ಮಾತ್ರ ಕೊಡೆ ಮೇಲೆ ಏಳುತ್ತಿತ್ತು. ಮೂಗಿನಲ್ಲಿ ಸಿಂಬಳ ಸುರಿಯುವ ಒಂದನೇ ಕ್ಲಾಸಿನ ಪೋರಿಯ ಅಪ್ಪಣೆಗೆ ಪೂವಕ್ಕನಂಥವರು ಕಾಯುವುದೆಂದರೆ! ಆ ಪೋರಿ ನಾನೇ ಆಗಿದ್ದಾಗ ನನಗೆ ಬಂದ ಜಂಬ ಸಣ್ಣದಲ್ಲ. ನಮಗೆ ಬುದ್ಧಿ ಕಲಿಸಲು ಹೀಗೆ ಮಾಡುತ್ತಾರೆ ಎಂದು ನಮ್ಮ ಟೀಚರು ಮೆಚ್ಚಿಕೊಂಡಿದ್ದರು.

ಆಚೆ ದಾಟಿದ ಮೇಲೆ ನಾವು ಶಾಲೆಯ ಮೆಟ್ಟಿಲು ಹತ್ತುತ್ತಿದ್ದೆವು. ಪೂವಕ್ಕ ಶಾಲೆಯ ಬೇಲಿಗೆ ತಾಗಿದ ಮನೆಗೆ ಹೋಗುತ್ತಿದ್ದರು. ಅಲ್ಲಿ ಅವರ ಅಕ್ಕ ತ್ಯಾಂಪಕ್ಕ ಇದ್ದರು. ಬಾಲ್ಯದಲ್ಲಿ ಒಂದೇ ಚಾಪೆಯಲ್ಲಿ ಮಲಗಿದ ಅಕ್ಕ ತಂಗಿ ಮದುವೆಯಾಗಿ ಒಂದೇ ಊರಿಗೆ ಬಂದಿದ್ದರು, ನಡುವೆ ಒಂದು ಮಾರ್ಗ ಮಾತ್ರ. ಸಂಜೆ ಶಾಲೆ ಬಿಟ್ಟಾಗ ಪೂವಕ್ಕ ಅಲ್ಲಿಂದಲೇ ಎದ್ದು ಬಂದು ನಮ್ಮನ್ನು ಈಚೆ ದಾಟಿಸುತ್ತಿದ್ದರು. "ನನ್ನ ತಂಗಿಗೆ ಶಾಲೆಯ ಬೆಲ್ಲು ಹೊಡೆದರೆ ಮಾತ್ರ ಮನೆ ನೆನಪಾಗುದು" ಎಂದು ತ್ಯಾಂಪಕ್ಕ ನಗುತ್ತಿದ್ದರು.

ಒಂದು ಲಾರಿಯ ಕಥೆ ಊರಿಗೆಲ್ಲ ಗೊತ್ತು. ಒಂದು ದಿನ ಸಂಜೆ ನಾವು ಮಾರ್ಗದ ನಡುವಿನಲ್ಲಿದ್ದಾಗ ಇಳಿಜಾರಿನಲ್ಲಿ ಇಂಜಿನ್ನು ಆಫ್ ಮಾಡಿಕೊಂಡು ಒಂದು ಮರದ ಲಾರಿ ಶಬ್ದವಿಲ್ಲದೆ ಜಾರಿ ಬಂತು. ಹಿಂದಿದ್ದ ದೊಡ್ಡ ಮಕ್ಕಳು ಕಿರುಚಿ ಚಿಕ್ಕವರನ್ನು ಎಳೆದುಕೊಂಡು ಈಚೆ ಓಡಿದರು. ನನ್ನನ್ನೂ ಯಾರೋ ಎಳೆದರು. ಪೂವಕ್ಕ ಮಾತ್ರ ಓಡಲಿಲ್ಲ. ಕೊಡೆ ಎತ್ತಿದವರು ಎತ್ತಿದ ಹಾಗೆಯೇ ನಿಂತಿದ್ದರು. ಲಾರಿ ಕಿರ್ರೆಂದು ಬಂದು ಅವರ ಸೀರೆಯ ನೆರಿಗೆಗೆ ಗಾಳಿ ತಾಗುವಷ್ಟು ಹತ್ತಿರ ನಿಂತಿತು. ಡ್ರೈವರ್ ಇಳಿದು ಬಂದ.

"ಎಂತ ಅಮ್ಮ ನೀವು! ಬ್ರೇಕ್ ಹಿಡಿಯದಿದ್ದರೆ ನನ್ನ ಗತಿ ಎಂತ?" ಎಂದ.

ಪೂವಕ್ಕ ಎತ್ತಿದ ಕೊಡೆಯನ್ನು ನಿಧಾನವಾಗಿ ಕೆಳಗೆ ಇಳಿಸಿದರು. ಆಮೇಲೆ ಹೇಳಿದರು: "ಪೆಟ್ರೋಲು ಉಳಿಸ್ಲಿಕ್ಕೆ ನನ್ನ ಮಕ್ಕಳೇ ಸಿಕ್ಕಿದ್ದಾ ಮಾರಾಯ ನಿನಗೆ? ಇನ್ನು ಈ ತಿರುವಲ್ಲಿ ನಿನ್ನ ಹಾರ್ನು ನನ್ನ ಅಡಿಗೆಮನೆಗೆ ಕೇಳ್ಬೇಕು."

ಕೇಳಿಸಿತು ಕೂಡ. ಆ ಲಾರಿಯವನು ಮುಂದೆ ಪುತ್ತೂರು ದಾಟಿದಲ್ಲಿಂದಲೇ ಹಾರ್ನ್ ಒತ್ತಿಕೊಂಡು ಬರುತ್ತಿದ್ದ. ಲಾರಿಗೆ ಎದೆ ಕೊಟ್ಟ ಹೆಂಗಸು ಎಂದು ಪೂವಕ್ಕನ ಹೆಸರು ಪುತ್ತೂರಿನ ಸಂತೆಯವರೆಗೂ ಹೋಯಿತು.

ನನಗೆ ಚಿಕ್ಕಂದಿನಲ್ಲಿ ಒಂದು ರೋಗವಿತ್ತು. ಯಾಕೆ ಎಂದು ಕೇಳುವ ರೋಗ. ಪೂವಕ್ಕ ನನ್ನನ್ನು "ಇನ್ಸ್‌ಪೆಕ್ಟ್ರು" ಎಂದೇ ಕರೆಯುತ್ತಿದ್ದರು. ಈ ಇನ್ಸ್‌ಪೆಕ್ಟ್ರ ತಲೆಯಲ್ಲಿ ಕೆಲವು ಸಂಗತಿಗಳು ಹುಳದ ಹಾಗೆ ಕೊರೆಯತೊಡಗಿದ್ದವು. ಅಕ್ಕನನ್ನು ಅಷ್ಟು ಹಚ್ಚಿಕೊಂಡ ಪೂವಕ್ಕ ಆದಿತ್ಯವಾರ ಯಾಕೆ ಅಲ್ಲಿಗೆ ಹೋಗುವುದಿಲ್ಲ? ಶನಿವಾರ ನಮಗೆ ಅರ್ಧ ದಿನ ಶಾಲೆ, ಅವರೂ ಯಾಕೆ ಅರ್ಧ ದಿನಕ್ಕೇ ಮನೆಗೆ ಬರುತ್ತಾರೆ? ಒಮ್ಮೆ ಯಾರೋ ದೊಡ್ಡ ಮನುಷ್ಯರು ತೀರಿಕೊಂಡು ಶಾಲೆಯನ್ನು ಮಧ್ಯಾಹ್ನಕ್ಕೇ ಬಿಟ್ಟರು. ನಾವು ತ್ಯಾಂಪಕ್ಕನ ಅಂಗಳದಲ್ಲಿ ನಿಂತು ಕೂಗಿದಾಗ ಪೂವಕ್ಕ ಎಲೆಯ ಮುಂದೆ ಕೂತಿದ್ದರು. ಅನ್ನಕ್ಕೆ ಸಾರು ಕಲಸಿದ್ದ ಕೈಯನ್ನು ತೊಳೆದು ಎದ್ದೇ ಬಿಟ್ಟರು. "ಊಟ ಮುಗಿಸಿ ಹೋಗೆ, ಮಕ್ಕಳು ಕೂತ್ಕೊಳ್ತಾರೆ" ಎಂದು ತ್ಯಾಂಪಕ್ಕ ಹೇಳಿದರೂ ಕೇಳಲಿಲ್ಲ. ಅಮ್ಮನ ಹತ್ತಿರ ಕೇಳಿದೆ. "ಅವರ ಹೊಟ್ಟೆ, ಅವರ ಊಟ. ನಿನಗೆಂತ ಅಧಿಕಪ್ರಸಂಗ?" ಎಂದು ಅಮ್ಮ ಗದರಿದರು.

ಉತ್ತರ ಸಿಕ್ಕಿದ್ದು ಒಂದು ಬೆಳಿಗ್ಗೆ. ನನಗಿಂತ ಚಿಕ್ಕವನೊಬ್ಬನಿಗೆ ಜ್ವರ ಬಂದು ಅವನ ಜಾಗ ಪುನಃ ನನಗೆ ಸಿಕ್ಕಿತ್ತು. ನಾನು "ಹೋಗುವ" ಎಂದೆ. ಕೊಡೆ ಎದ್ದಿತು. ಮಾರ್ಗದ ನಡುವೆ ಯಾಕೋ ನಾನು ತಲೆ ಎತ್ತಿ ಪೂವಕ್ಕನ ಮುಖ ನೋಡಿದೆ. ಅವರ ಎರಡೂ ಕಣ್ಣು ಮುಚ್ಚಿತ್ತು. ಧೂಳು ಬಿದ್ದಾಗ ಮುಚ್ಚುವ ಹಾಗಲ್ಲ, ಇಂಜೆಕ್ಷನ್ ಚುಚ್ಚುವಾಗ ಮಕ್ಕಳು ಮುಚ್ಚುತ್ತಾರಲ್ಲ, ಹಾಗೆ ಬಿಗಿಯಾಗಿ. ತುಟಿ ಏನೋ ದೇವರ ಹೆಸರು ಹೇಳುತ್ತಿತ್ತು. ನನ್ನ ಕೈ ಹಿಡಿದ ಅವರ ಅಂಗೈ ಒದ್ದೆಯಾಗಿತ್ತು. ಆಚೆ ಬದಿಯ ಮಣ್ಣು ಕಾಲಿಗೆ ಸಿಕ್ಕಿದ ಕೂಡಲೇ ಕಣ್ಣು ತೆರೆದು, "ಓಡಿ, ಬೆಲ್ಲಾಯ್ತು!" ಎಂದು ಎಂದಿನಂತೆ ಗದರಿದರು.

ಅಂದು ಶಾಲೆಯಲ್ಲಿ ನನಗೆ ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ಅವರು ನಮ್ಮನ್ನು ದಾಟಿಸುತ್ತಿದ್ದರೋ, ನಾವು ಅವರನ್ನೋ?

ಆದಿತ್ಯವಾರ ಅಮ್ಮ ಮಜ್ಜಿಗೆ ತರಲು ನನ್ನನ್ನು ಮೇಲಿನ ಮನೆಗೆ ಕಳಿಸಿದರು. ಪೂವಕ್ಕ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಸುತ್ತ ಯಾರೂ ಇರಲಿಲ್ಲ. ನಾನು ಕೇಳಿಯೇ ಬಿಟ್ಟೆ.

"ಪೂವಕ್ಕ, ಮಾರ್ಗ ದಾಟುವಾಗ ನೀವು ಕಣ್ಣು ಮುಚ್ಚುದು ಯಾಕೆ?"

ಅವರ ಕೈ ನಿಂತಿತು. "ಯಾರು ಹೇಳಿದ್ದು?"

"ನಾನೇ ನೋಡಿದ್ದು."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೆಂದು ತಿಳಿಯುತ್ತದಂತೆ. ಪೂವಕ್ಕನ ಮುಖ ಆಗ ಸಿಕ್ಕಿಬಿದ್ದ ಬೆಕ್ಕಿನದೇ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಬಾಯಿಯ ಎಲೆಯಡಿಕೆಯನ್ನು ಅಂಗಳಕ್ಕೆ ಉಗಿದು ಬಂದು ಕೂತರು.

"ನನಗೆ ಹೆದರಿಕೆ" ಎಂದರು.

"ಹಾವಿಗೆ ಹೆದರುದಿಲ್ಲ ನೀವು!"

"ಹಾವಿಗೆ ಹೇಳಿದರೆ ಅರ್ಥ ಆಗ್ತದೆ. ಬಸ್ಸಿಗೆ ಆಗ್ತದಾ?"

"ನೀವು ಸಣ್ಣ ಇರುವಾಗ ಬಸ್ಸು ಗುದ್ದಿದೆಯಾ? ಯಾರಾದ್ರೂ ಸತ್ತಿದ್ದಾರಾ?" ನನಗೆ ಒಂದು ದೊಡ್ಡ ಕಥೆ ಬೇಕಿತ್ತು.

"ಎಂತದೂ ಇಲ್ಲ ಮಾರಾಯ್ತಿ. ಹೆದರಿಕೆಗೆ ಕಾರಣ ಬೇಕಾ? ನಿನಗೆ ಜಿಗಣೆ ಕಂಡರೆ ಆಗುದಿಲ್ಲ ಅಲ್ವಾ, ಅದು ನಿನ್ನ ಎಂತ ತಿಂದಿದೆ? ನನಗೆ ಮಾರ್ಗ ಹಾಗೆ. ಮಣ್ಣಿನ ಮಾರ್ಗ ಇರುವಾಗ ಎಂತದೂ ಇರಲಿಲ್ಲ, ಗಾಡಿಯ ಎತ್ತಿನ ಮುಖ ಕಾಣ್ತಿತ್ತು. ಈಗ ಆ ಕಪ್ಪು ಕಂಡರೆ ಕಾಲು ನನ್ನದಲ್ಲ."

"ಹಾಗಾದರೆ ಅವತ್ತು ಲಾರಿಗೆ ನೀವು ಓಡದೆ ನಿಂತದ್ದು?"

"ಓಡ್ಲಿಕ್ಕೆ ಕಾಲು ಬಂದರಲ್ವಾ!" ಎಂದು ಪೂವಕ್ಕ ನಕ್ಕುಬಿಟ್ಟರು. ನಾನೂ ನಕ್ಕೆ. ಆದರೆ ನನಗೆ ಸಮಾಧಾನವಾಗಲಿಲ್ಲ. ನಾವು ಸರಿಯಾಗಿ ನೋಡದಿದ್ದರೆ ಏನು ಗತಿ ಎಂದು ಕೇಳಿದೆ.

"ಅದಕ್ಕೇ ಅಲ್ವಾ ಎಲ್ಲರನ್ನೂ ಕೇಳುದು? ನನಗೆ ಎರಡು ಕಣ್ಣು, ಅದೂ ಹೆದರಿದ ಕಣ್ಣು. ನಿಮ್ಮದು ಎಷ್ಟು ಕಣ್ಣು ಉಂಟು, ಎಷ್ಟು ಕಿವಿ ಉಂಟು! ಒಬ್ಬರು ಬೇಡ ಅಂದರೆ ಬೇಡ." ಆಮೇಲೆ ಸ್ವರ ಇಳಿಸಿ ಹೇಳಿದರು: "ನೀನು ಅಪ್ಪನಿಗೆ ಹೇಳಿದರೆ ನಾಳೆ ಅವರು ನಿಮ್ಮನ್ನು ನನ್ನ ಜೊತೆ ಕಳಿಸುದಿಲ್ಲ. ಕಳಿಸದಿದ್ದರೆ ನಾನು ಅಕ್ಕನ ಮುಖ ನೋಡ್ಲಿಕ್ಕಿಲ್ಲ. ಅಷ್ಟೇ."

ಹೇಳಬೇಡ ಎಂದು ಅವರು ಹೇಳಲಿಲ್ಲ. ನಾನು ಹೇಳಲೂ ಇಲ್ಲ. ಊರೆಲ್ಲ ಗಡಗಡ ನಡುಗುವ ಪೂವಕ್ಕನ ಗುಟ್ಟೊಂದು ನನ್ನ ಕೈಯಲ್ಲಿದೆ ಎಂಬುದೇ ನನಗೆ ಮಿಠಾಯಿ ತಿಂದಷ್ಟು ಸಂತೋಷವಾಗಿತ್ತು.

ಮುಂದಿನ ಬೇಸಗೆಯಲ್ಲಿ ತ್ಯಾಂಪಕ್ಕ ಹಾಸಿಗೆ ಹಿಡಿದರು. ಶಾಲೆಗೆ ದೊಡ್ಡ ರಜೆ ಸಿಕ್ಕಿ ಸ್ವಲ್ಪ ದಿನವಾಗಿತ್ತು. ನಾನು ಗುಡ್ಡದಲ್ಲಿ ಗೇರುಬೀಜ ಹೆಕ್ಕುತ್ತಿದ್ದೆ. ಅಲ್ಲಿಂದ ಮಾರ್ಗ ಚೆನ್ನಾಗಿ ಕಾಣುತ್ತದೆ. ಮೋರಿಯ ಹತ್ತಿರ ಪೂವಕ್ಕ ಒಬ್ಬರೇ ನಿಂತಿದ್ದರು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಗಂಜಿ ತುಂಬಿದ, ಹಿಡಿ ಇರುವ ತೂಕುಪಾತ್ರೆ. ಒಂದು ಬಸ್ಸು ಹೋಯಿತು. ಆಮೇಲೆ ಬಹಳ ಹೊತ್ತು ಮಾರ್ಗ ಖಾಲಿ ಇತ್ತು. ಅವರು ಒಂದು ಕಾಲು ಡಾಮರಿಗೆ ಇಡುವುದು, ತೆಗೆಯುವುದು. ದಾರಿಯಲ್ಲಿ ಹೋಗುವ ಯಾರನ್ನು ಕರೆದರೂ ಕೈ ಹಿಡಿದು ದಾಟಿಸುತ್ತಿದ್ದರು, ಆದರೆ ಪೂವಕ್ಕ ಕರೆಯುವವರಲ್ಲ. ಮೀನಿನವನು ಸೈಕಲ್ ನಿಲ್ಲಿಸಿ ಮಾತನಾಡಿಸಿದಾಗ ಸುಮ್ಮನೆ ಗಾಳಿಗೆ ನಿಂತವರ ಹಾಗೆ ಸೆರಗು ಬೀಸಿಕೊಂಡರು.

ಬೀಜದ ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಓಡಿ ಇಳಿದು ಅವರ ಪಕ್ಕ ನಿಂತೆ. ತೂಕುಪಾತ್ರೆ ನಾನು ತೆಗೆದುಕೊಂಡೆ, ಅವರ ಕೈ ಹಿಡಿದೆ.

"ಎಂತದೂ ಬರುದಿಲ್ಲ. ಹೋಗುವ" ಎಂದೆ.

ಆ ರಜೆಯಿಡೀ ಬೆಳಿಗ್ಗೆ ಸಂಜೆ ಅದೇ ನನ್ನ ಕೆಲಸ. ಕೇಳಿದವರಿಗೆ ಪೂವಕ್ಕ, "ಈ ಹುಡುಗಿಗೆ ಹಲಸಿನ ಹಪ್ಪಳ ಮಾಡ್ಲಿಕ್ಕೆ ಕಲಿಯುವ ಆಸೆಯಂತೆ, ಅಕ್ಕನಲ್ಲಿಗೆ ಕರ್ಕೊಂಡು ಹೋಗ್ತೇನೆ" ಎಂದು ಹೇಳುತ್ತಿದ್ದರು. ಹಪ್ಪಳದ ಹಿಟ್ಟು ಹೇಗಿರುತ್ತದೆಂದೂ ನಾನು ನೋಡಲಿಲ್ಲ. ತ್ಯಾಂಪಕ್ಕನ ಮಂಚದ ಕಾಲಿನ ಹತ್ತಿರ ಕೂತು ಇಬ್ಬರ ಮಾತು ಕೇಳುತ್ತಿದ್ದೆ. ಮಾತೆಂದರೆ ಬರೀ ಹಳೆಯ ಜಗಳಗಳು: ಯಾರ ಬಳೆ ಯಾರು ಒಡೆದದ್ದು, ಮಾವನ ಮನೆಯಲ್ಲಿ ಬೆಲ್ಲ ಕದ್ದದ್ದು ಯಾರು. ಪೂವಕ್ಕ ಗಂಜಿ ಕುಡಿಸುತ್ತಾ ಜಗಳ ಮಾಡುತ್ತಿದ್ದರು. ಮೊದಲ ಮಳೆ ಬೀಳುವ ಮೊದಲೇ ತ್ಯಾಂಪಕ್ಕ ತೀರಿಕೊಂಡರು. ಅವರ ಮಗ ಮನೆಗೆ ಬೀಗ ಹಾಕಿ ಸುಳ್ಯಕ್ಕೆ ಹೋದ.

ಜೂನಿನಲ್ಲಿ ಶಾಲೆ ಶುರುವಾಗುವಾಗ ನನಗೆ ಒಂದೇ ಚಿಂತೆ. ಪೂವಕ್ಕನಿಗೆ ಇನ್ನು ಆಚೆ ಏನು ಕೆಲಸ? "ಪಾಪ, ಅಕ್ಕ ಹೋದ ದುಃಖ, ಈ ವರ್ಷ ಅವರು ಬರಲಿಕ್ಕಿಲ್ಲ" ಎಂದು ಅಮ್ಮಂದಿರು ಸರದಿಯಲ್ಲಿ ಬರುವ ಏರ್ಪಾಡು ಮಾಡುತ್ತಿದ್ದರು. ನಿಜ ಕಾರಣ ಗೊತ್ತಿದ್ದವಳು ನಾನೊಬ್ಬಳೇ. ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ.

ಶಾಲೆಯ ಮೊದಲ ದಿನ ಬೆಳಿಗ್ಗೆ ಮೋರಿಯ ಮೇಲೆ ಪೂವಕ್ಕ ನಮಗಿಂತ ಮೊದಲೇ ಕೂತಿದ್ದರು. ಹೊಸದಾಗಿ ಸೇರಿದ ಒಂದು ಹುಡುಗಿ ಅವರ ಎಡಗೈ ಹಿಡಿಯಿತು. ಪರೀಕ್ಷೆ ನಡೆಯಿತು, ಕೊಡೆ ಎದ್ದಿತು, ಕಣ್ಣು ಮುಚ್ಚಿತು. ಆಚೆ ತಲುಪಿದ ಮೇಲೆ "ಓಡಿ" ಎಂದರು. ಎಲ್ಲರೂ ಓಡಿದರು. ನಾನು ಓಡಿದ ಹಾಗೆ ಮಾಡಿ ಮೆಟ್ಟಿಲ ಪಕ್ಕದ ಮಾವಿನ ಮರದ ಹಿಂದೆ ನಿಂತೆ. ಇನ್ನು ಇವರು ಏನು ಮಾಡುತ್ತಾರೆ? ಕೂತುಕೊಳ್ಳಲು ಅಕ್ಕನ ಮನೆಯಿಲ್ಲ. ಹಿಂದೆ ಹೋಗಲು ಮಕ್ಕಳಿಲ್ಲ.

ಪೂವಕ್ಕ ಬೀಗ ಹಾಕಿದ ಮನೆಯ ಕಡೆಗೆ ಒಮ್ಮೆ ನೋಡಿದರು. ಮಾರ್ಗದ ಕಡೆಗೆ ತಿರುಗಿದರು. ಒಂದು ಜೀಪು ಹೋಯಿತು, ಒಂದು ಬಸ್ಸು ಹೋಯಿತು. ಪ್ರಾರ್ಥನೆಯ ಬೆಲ್ಲಾಯಿತು, ನಾನು ಹೋಗಲಿಲ್ಲ. ಓಡಿಹೋಗಿ ಕೈ ಹಿಡಿಯಲೇ ಎಂದು ಎರಡು ಸಲ ಹೊರಟೆ. ಅಷ್ಟರಲ್ಲಿ ಅವರು ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಪುನಃ ಬಲಕ್ಕೆ ನೋಡಿದರು. ಕಣ್ಣು ದೊಡ್ಡದಾಗಿ ತೆರೆದೇ ಇತ್ತು. ನೆರಿಗೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಗತ್ತು ಗಾಂಭೀರ್ಯ ಎಲ್ಲ ಬಿಟ್ಟು, ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಿದರು. ಮನೆಯ ಬದಿಯ ಮೋರಿಯ ಮೇಲೆ ಕುಸಿದು ಕೂತವರು ಬಹಳ ಹೊತ್ತು ಏಳಲಿಲ್ಲ. ಅವರ ಬೆನ್ನು ಏರಿಳಿಯುವುದು ನನಗೆ ಕಾಣುತ್ತಿತ್ತು.

ತಡವಾಗಿ ಹೋದದ್ದಕ್ಕೆ ಟೀಚರು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು. ಸಂಜೆ ಬೆಲ್ಲು ಹೊಡೆದಾಗ ಪೂವಕ್ಕ ಶಾಲೆಯ ಮೆಟ್ಟಿಲ ಕೆಳಗೆ ನಿಂತಿದ್ದರು. ಕುಂಕುಮವಿಲ್ಲದ ಹಣೆಯಲ್ಲಿ ಬೆವರು ಮಿನುಗುತ್ತಿತ್ತು. "ಎಂತ ನೋಡ್ತಿ ಇನ್ಸ್‌ಪೆಕ್ಟ್ರೇ, ಸಾಲು ಹಿಡಿ" ಎಂದರು. ಅಂದಿನಿಂದ ಶಾಲೆ ಇರುವ ದಿನಗಳಲ್ಲೆಲ್ಲ ಬೆಳಿಗ್ಗೆ ಹಿಂದೆ ಬರುವಾಗ ಒಮ್ಮೆ, ಸಂಜೆ ನಮ್ಮನ್ನು ತರಲು ಹೋಗುವಾಗ ಒಮ್ಮೆ ಅವರು ಒಬ್ಬರೇ ದಾಟುತ್ತಿದ್ದರು. ನಾನು ಏಳನೇ ಕ್ಲಾಸು ಮುಗಿಸಿ ಪುತ್ತೂರಿನ ಹೈಸ್ಕೂಲಿಗೆ ಹೋದ ಮೇಲೂ ಬಸ್ಸಿನ ಕಿಟಕಿಯಿಂದ ಆ ಕೊಡೆ ಕಾಣುತ್ತಿತ್ತು. ಬಸ್ಸು ನಿಲ್ಲುತ್ತಿತ್ತು, ಹೊಸ ಹೊಸ ಪುಟ್ಟ ಮಕ್ಕಳು ದಾಟುತ್ತಿದ್ದರು. ಕಂಡಕ್ಟರು ಗೊಣಗುತ್ತಿದ್ದ, ನಾನು ಕಿಟಕಿಯಿಂದ ಕೈ ಬೀಸುತ್ತಿದ್ದೆ. ಅವರಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದರೂ.

ಕಡೆಯ ಸಲ ಅವರನ್ನು ಕಂಡದ್ದು ನನಗೆ ಕಡಬದ ಕಡೆಯ ಒಂದು ಶಾಲೆಯಲ್ಲಿ ಟೀಚರ ಕೆಲಸ ಸಿಕ್ಕಿದ ವರ್ಷ, ಎಂಬತ್ತರ ದಶಕ ಮುಗಿಯುತ್ತಾ ಬಂದಾಗ. ಪೂವಕ್ಕ ಬಿದ್ದು ಸೊಂಟ ಮುರಿದುಕೊಂಡಿದ್ದರು. ಬಚ್ಚಲಿನಲ್ಲಿ ಜಾರಿದ್ದು, ಮಾರ್ಗದಲ್ಲಲ್ಲ. ಚಾವಡಿಯ ಮಂಚದಲ್ಲಿ ಮಲಗಿದವರು ನನ್ನ ಸ್ವರದಲ್ಲೇ ಗುರುತು ಹಿಡಿದರು. ಇಷ್ಟು ವರ್ಷ ಹೊಟ್ಟೆಯೊಳಗಿದ್ದ ಪ್ರಶ್ನೆಯನ್ನು ನಾನು ಆಗ ಕೇಳಿದೆ.

"ಆಮೇಲೆ ನಿಮ್ಮ ಹೆದರಿಕೆ ಹೋಯ್ತಾ ಪೂವಕ್ಕ?"

"ಹೋಗ್ಲಿಕ್ಕೆ ಅದೆಂತ ನೆಂಟರಾ? ಇಲ್ಲೇ ಉಂಟು" ಎಂದು ಎದೆ ಮುಟ್ಟಿ ತೋರಿಸಿದರು.

"ಮತ್ತೆ ಒಬ್ಬರೇ ಹೇಗೆ ದಾಟ್ತಿದ್ರಿ?"

"ಮಕ್ಕಳನ್ನು ಆಚೆ ಬಿಟ್ಟಿದ್ದೆ ಅಲ್ವಾ. ಸಂಜೆ ತರ್ಲಿಕ್ಕೆ ಇತ್ತು."

ಅದರಲ್ಲಿ ಹೇಳುವಂಥದ್ದು ಏನಿದೆ ಎಂಬ ಹಾಗೆ ಹೇಳಿದರು. ಟೀಚರ ಸೀರೆ ಉಟ್ಟುಕೊಂಡು ಅವರ ಮುಂದೆ ಅಳುವುದು ಹೇಗೆಂದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಪುತ್ತೂರಿನ ಬಸ್ಸು ಆಚೆ ಬದಿಯಲ್ಲಿ ನಿಲ್ಲುತ್ತಿತ್ತು.

"ಮಾರ್ಗ ದಾಟ್ಬೇಕಲ್ಲ ನೀನು" ಎಂದರು ಪೂವಕ್ಕ. "ಜೊತೆಗೆ ಯಾರಿದ್ದಾರೆ?"

"ಯಾರೂ ಇಲ್ಲ. ನಾನೊಬ್ಬಳೇ."

ಪೂವಕ್ಕ ಹೊದಿಕೆ ಸರಿಸಿ, ಮಂಚದ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಒಂದು ಕಾಲನ್ನು ಕೆಳಗೆ ಇಳಿಸತೊಡಗಿದರು.